ಡಿಕ್ಕಿಯೊಳಗಿನ ಕೆರೆ

ಸಾವಿರ ಅಡಿ ಕೊರೆಸಿದರೂ ಬರೀ ಬಿಳಿ ಧೂಳು ಹಾರುವ ನಮ್ಮ ಹೋಳೂರಿನ ಸೀಮೆಯಲ್ಲಿ, ಯಾರೂ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಜಾಗ ನೋಡದೆ, ಯಾರೂ ಪೂಜೆ ಮಾಡದೆ, ನಮ್ಮ ಹಳೆಯ ಕಾರಿನ ಡಿಕ್ಕಿಯಲ್ಲಿ ನೀರು ಬಿದ್ದಿತ್ತು. ಸ್ಟೆಪ್ನಿ ಚಕ್ರ ಮಲಗುವ ಗುಂಡಿಯ ತುಂಬ, ಒಂದು ಬಿಂದಿಗೆಯಷ್ಟು. ಮುಚ್ಚಳ ಎತ್ತಿದರೆ ಅದರಲ್ಲಿ ಆಕಾಶದ ಒಂದು ಚೂರು, ನನ್ನ ಮುಖದ ಒಂದು ಚೂರು. ಕೆರೆಯಾಗಿದ್ದರೆ ಊರವರು ಬಾಗಿನ ಬಿಡುತ್ತಿದ್ದರು. ಕಾರಾದ್ದರಿಂದ ನಿಮ್ಮಪ್ಪ ಬೈದ.

ಮಕ್ಕಳೇ, ಇದೆಲ್ಲ ನಡೆದಾಗ ನೀವಿಬ್ಬರೂ ಇದೇ ಮನೆಯಲ್ಲಿದ್ದಿರಿ, ಆದರೂ ನಿಮಗೆ ಗೊತ್ತಿಲ್ಲ. ನಡೆದದ್ದು ನೀವು ಶಾಲೆಗೆ ಹೋದ ಮೇಲೆ. ಬಾಯಲ್ಲಿ ಹೇಳೋಣವೆಂದರೆ, ಎದುರಿಗೆ ನಾಲ್ಕು ಕಣ್ಣು ಕಂಡರೆ ಸಾಕು, ನನ್ನ ಮಾತು ಹೊಸ ಸೊಸೆಯ ಹಾಗೆ ಬಾಗಿಲ ಸಂದಿಯಲ್ಲೇ ನಿಂತುಬಿಡುತ್ತದೆ. ಮಾಸ್ತಿ ಪಕ್ಕದ ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ಅಕ್ಷರಗಳಿಗೆ ನನ್ನಷ್ಟು ನಾಚಿಕೆಯಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಎಂಟು ಗಂಟೆಗೆ ನಿಮ್ಮ ಶಾಲೆಯ ವ್ಯಾನು ಬರುತ್ತದೆ. ಅದರ ಹಿಂದೆಯೇ ನಿಮ್ಮಮ್ಮ ಕೋಲಾರದ ಆಸ್ಪತ್ರೆಯ ಕೆಲಸಕ್ಕೆ. ನಿಮ್ಮಪ್ಪ ಅಷ್ಟು ಹೊತ್ತಿಗೆ ಶ್ರೀನಿವಾಸಪುರ ಮುಳಬಾಗಿಲು ದಾರಿಯಲ್ಲಿ ಬಸ್ಸು ಓಡಿಸುತ್ತಿರುತ್ತಾನೆ. ಒಂಬತ್ತಕ್ಕೆ ಮನೆಯಲ್ಲಿ ಉಳಿಯುವವರು ನಾನು ಮತ್ತು ಗೋಡೆ ಗಡಿಯಾರ. ಇಬ್ಬರಲ್ಲಿ ಹೆಚ್ಚು ಮಾತನಾಡುವುದು ಗಡಿಯಾರವೇ. ಆಗ ನಾನು ಮೊರದಲ್ಲಿ ಅವರೆಕಾಯಿ ಹಾಕಿಕೊಂಡು ಹೋಗಿ, ರೇಷ್ಮೆ ಸಾಕುವ ಹುಳುಮನೆಯ ಪಕ್ಕ ಬಯಲಲ್ಲಿ ನಿಂತಿರುವ ನಿಮ್ಮ ತಾತನ ಕಾರಿನಲ್ಲಿ ಕೂರುತ್ತಿದ್ದೆ. ಹಿಂದಿನ ಸೀಟು, ಎಡಗಡೆ. ಕಾರು ಕೊಂಡಂದಿನಿಂದ ನನ್ನ ಜಾಗ ಅದೇ. ಮುಂದೆ ಅವರ ಪಕ್ಕ ಕೂತರೆ ಊರವರು ಏನಂದುಕೊಂಡಾರೋ ಎಂದು ಒಂದು ದಿನವೂ ಕೂರಲಿಲ್ಲ. ಹಾಗಾಗಿ ನಿಮ್ಮ ತಾತನ ಮುಖಕ್ಕಿಂತ ಅವರ ಕುತ್ತಿಗೆಯ ಹಿಂಭಾಗ ನನಗೆ ಹೆಚ್ಚು ಪರಿಚಯ. ಅವರು ಹೋದ ಮೇಲೂ ಆ ಸೀಟಿನಲ್ಲಿ ಕೂತರೆ, ಅವರು ಮುಂದೆ ಇಲ್ಲ ಎನ್ನುವುದು ಒಂದೊಂದು ಸಲ ಅರ್ಧ ಮೊರ ಅವರೆಕಾಯಿ ಬಿಡಿಸುವವರೆಗೂ ನೆನಪಾಗುತ್ತಿರಲಿಲ್ಲ.

ಇಡೀ ದಿನ ಬಸ್ಸಿನ ಸ್ಟೀರಿಂಗ್ ತಿರುಗಿಸಿದವನಿಗೆ ಮನೆಗೆ ಬಂದು ಇನ್ನೊಂದು ಸ್ಟೀರಿಂಗ್ ಮುಟ್ಟುವ ಆಸೆ ಎಲ್ಲಿಂದ ಬರಬೇಕು? ಕಾರು ನಿಂತಲ್ಲೇ ಎರಡು ಮಳೆಗಾಲ ಕಳೆಯಿತು. ಡಿಕ್ಕಿಯಲ್ಲಿ ನೀರು ನಿಂತು, ತುಕ್ಕು ಹಿಡಿದು, ಒಳಗೆಲ್ಲ ಮುಗ್ಗಲು ವಾಸನೆ. ನಂಗಲಿ ಕಡೆಯ ಮೆಕ್ಯಾನಿಕ್ ಬಂದು ಸುತ್ತ ಬೆರಳಾಡಿಸಿ, ಈ ಕಾಲದ ಗಾಡಿಗೆ ಡಿಕ್ಕಿಯ ಅಂಚಿನ ರಬ್ಬರ್ ಬೀಡಿಂಗ್ ಸಿಗುವುದಿಲ್ಲ, ತೂಕಕ್ಕೆ ಹಾಕಿಬಿಡಿ ಎಂದು ಹೇಳಿ ಹೋದ. ಒಂದು ಭಾನುವಾರ ಊಟಕ್ಕೆ ಕೂತಾಗ ನಿಮ್ಮಪ್ಪ, "ಶುಕ್ರವಾರ ಗುಜರಿಯವನು ಬರ್ತಾನಮ್ಮ, ಕಾರು ತಗೊಂಡ್ಹೋಗೋಕೆ," ಎಂದ. ನಾನು "ಹೂಂ" ಅಂದೆ. ಇನ್ನೊಂದು ತುತ್ತು ಮುದ್ದೆ ಮುರಿದು ಸಾರಿಗೆ ಅದ್ದಿದೆ. ಕಾರು ಬೇಕು ಎಂದರೆ ಯಾಕೆ ಎಂದು ಕೇಳುತ್ತಾನೆ. ಓಡಿಸಲು ಬಾರದವಳು, ಎಲ್ಲಿಗೂ ಹೋಗದವಳು ಏನು ಉತ್ತರ ಹೇಳಲಿ? ನೀರು ಬರುವುದು ನಿಂತರೆ ಗುಜರಿಯ ಮಾತೂ ನಿಲ್ಲಬಹುದು ಎಂದು, ಹೇಳಲಾರದ ಮಾತಿಗಿಂತ ಮಾಡಬಹುದಾದ ಕೆಲಸ ಸುಲಭವೆಂದು, ಸೋಮವಾರವೇ ಸೆರಗು ಕಟ್ಟಿದೆ.

ಗುಂಡಿಯ ನೀರನ್ನು ಚೊಂಬಿನಲ್ಲಿ ತೋಡಿ ಕರಿಬೇವಿನ ಗಿಡಕ್ಕೆ ಹಾಕಿದೆ. ಹಳೆಯ ಸೀರೆಯಲ್ಲಿ ಒರೆಸಿ, ಮ್ಯಾಟನ್ನು ಒಗೆಯುವ ಕಲ್ಲಿನ ಮೇಲೆ ಒಣಹಾಕಿದೆ. ಹಿಂದಿನ ದೀಪದ ಮೇಲೆ ಅನುಮಾನ ಪಟ್ಟೆ, ಗಾಜಿನ ಮೇಲೆ ಪಟ್ಟೆ. ಮಂಗಳವಾರ ಮಳೆ ಬಂತು, ನೀರೂ ಬಂತು, ಎಲ್ಲಿಂದ ಎಂಬುದು ಮಾತ್ರ ತಿಳಿಯಲಿಲ್ಲ. ಮಾಳಿಗೆ ಸೋರಿದಾಗ ನಿಮ್ಮ ತಾತ ಹೇಳುತ್ತಿದ್ದರು: ನೀರು ತೊಟ್ಟಿಕ್ಕುವ ಜಾಗ ಬೇರೆ, ನುಗ್ಗುವ ಜಾಗ ಬೇರೆ. ಕಾಣದ ನೀರನ್ನು ಕಾಣಿಸುವುದು ಹೇಗೆ ಎಂದು ಯೋಚಿಸುತ್ತಿದ್ದಾಗ ಹುಳುಮನೆಯ ಮೂಲೆಯ ಡಬ್ಬ ಕಣ್ಣಿಗೆ ಬಿತ್ತು. ರೇಷ್ಮೆಹುಳು ಪೊರೆ ಬಿಡುವ ದಿನಗಳಲ್ಲಿ ತಟ್ಟೆ ಒಣಗಿರಲೆಂದು ಉದುರಿಸುವ ಸುಣ್ಣದ ಪುಡಿ. ಒಂದು ಹನಿ ತೇವ ತಗುಲಿದರೂ ಅದರ ಮೇಲೆ ಕಪ್ಪಗೆ ಗೆರೆ ಬೀಳುತ್ತದೆ. ಇಷ್ಟು ವರ್ಷ ಹುಳುವಿಗೆ ಹಾಕಿದವಳಿಗೆ ಕಾರಿಗೆ ಹಾಕಲು ಯಾರ ಅಪ್ಪಣೆ ಬೇಕು?

ಬುಧವಾರ ಪಕ್ಕದ ಮನೆಯ ನಾರಾಯಣಮ್ಮನನ್ನು ಕರೆದೆ. ನನಗಿಂತ ಮೂರು ವರ್ಷ ಚಿಕ್ಕವಳು, ಮುಳಬಾಗಿಲ ಆಚೆಯಿಂದ ಬಂದವಳು, ಬಾಯಲ್ಲಿ ಅರ್ಧ ತೆಲುಗು. ನಾನು ಡಿಕ್ಕಿಯ ಒಳ ಅಂಚಿಗೆಲ್ಲ ಸುಣ್ಣದ ಪುಡಿ ಸವರಿ, ಹಿಂದಿನ ಸೀಟಿನ ಒರಗು ಕಿತ್ತಿಟ್ಟು, ಆ ದಾರಿಯಿಂದ ಟಾರ್ಚ್ ಹಿಡಿದು ಡಿಕ್ಕಿಯೊಳಗೆ ತೂರಿಕೊಂಡೆ. ಅವಳು ಮುಚ್ಚಳ ಹಾಕಿ ಬಿಂದಿಗೆಯಿಂದ ನೀರು ಸುರಿಯತೊಡಗಿದಳು. ಅರವತ್ತೆಂಟರ ಹೆಂಗಸು, ಮೈಯೆಲ್ಲ ಸುಣ್ಣ, ಮೊಣಕಾಲು ಗದ್ದಕ್ಕೆ. ಜೀವನದಲ್ಲಿ ಮುಂದಿನ ಸೀಟಿನಲ್ಲಿ ಕೂರಲು ನಾಚಿದವಳು ಹಿಂದೆ ಹಿಂದೆ ಸರಿದು ಕೊನೆಗೆ ಡಿಕ್ಕಿಗೇ ಬಂದು ಸೇರಿದ್ದೆ.

ಹೊರಗಿಂದ ಡೈರಿಯ ರಾಮಪ್ಪನ ದನಿ ಕೇಳಿತು. "ನಾರಾಯಣಮ್ಮೋ, ಅಕ್ಕ ಎಲ್ಲವ್ರೆ? ಹಾಲಿನ ಬುಕ್ಕು ಕೊಡಬೇಕಿತ್ತು."

"ಡಿಕ್ಕೀಲವ್ರೆ."

"ಯಾವಾಗ ಬರ್ತಾರೆ?"

"ನೀರು ಬಂದ್ಮೇಲೆ ಬರ್ತಾರೆ. ನೀನು ನಡಿಯಪ್ಪ."

ನಾನು ಉಸಿರು ಬಿಗಿಹಿಡಿದು ಕೂತೆ. ಆಗಲೇ ಕಂಡದ್ದು. ಮುಚ್ಚಳ ಕಚ್ಚಿಕೊಳ್ಳುವ ಕೊಂಡಿಯ ಪಕ್ಕದಿಂದ, ಇರುವೆ ಸಾಲು ಹೊರಟ ಹಾಗೆ, ಬಿಳಿ ಸುಣ್ಣದ ಮೇಲೆ ಸಣ್ಣ ಕಪ್ಪು ಗೆರೆಯೊಂದು ಇಳಿಯುತ್ತಿತ್ತು. ಟಾರ್ಚ್ ಹತ್ತಿರ ಒಯ್ದೆ. ಕೊಂಡಿಗೆ ಒಂದು ದಾರ ಕಟ್ಟಿತ್ತು. ರಬ್ಬರಿನ ಮೇಲೆ ಹಾದು ಹೊರಗೆ ಹೋಗಿತ್ತು. ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ಅದು ಮಳೆಯನ್ನು ಹೀರಿ ಒಳಗೆ ತರುತ್ತಿತ್ತು. ಎರಡು ವರ್ಷ ಅದನ್ನು ಕಚ್ಚಿಕೊಂಡಿದ್ದ ರಬ್ಬರಿನಲ್ಲಿ ಕಾಲುವೆಯಂಥ ಗುಣಿಯೂ ಬಿದ್ದಿತ್ತು.

ಪೂಜೆ ಮಾಡದೆ ನೀರು ಬಿತ್ತು ಎಂದೆನಲ್ಲ, ಅದು ಸುಳ್ಳು. ಆ ದಾರ ನನ್ನದೇ. ಪ್ರತಿ ಆಯುಧಪೂಜೆಗೆ ಒಂಬತ್ತೆಳೆ ಹೊಸೆದು, ಅರಿಶಿನ ಹಚ್ಚಿ, ತುದಿಗೆ ಅರಿಶಿನದ ಕೊಂಬು ಕಟ್ಟುತ್ತಿದ್ದೆ. ಎಲ್ಲರೂ ಗಾಡಿಯ ಮುಂದೆ ಕಟ್ಟುತ್ತಾರೆ. ಜನರ ಎದುರು ಮುಂದೆ ಹೋಗಲು ನಾಚಿ, ಕಣ್ಣು ಬೀಳುವುದು ಹಿಂದಿನಿಂದಲೇ ಎಂದು ನನಗೆ ನಾನೇ ಕಾರಣ ಹೇಳಿಕೊಂಡು, ನಾನು ಡಿಕ್ಕಿಯ ಕೊಂಡಿಗೆ ಕಟ್ಟಿ ಕೊಂಬನ್ನು ಹೊರಗೆ ತೂಗುಬಿಟ್ಟು ಮುಚ್ಚಳ ಹಾಕುತ್ತಿದ್ದೆ. ದೀಪಾವಳಿಯ ಹೊತ್ತಿಗೆ ದಾರ ಇರುತ್ತಿರಲಿಲ್ಲ. ಕೇಳಿದರೆ ನಿಮ್ಮ ತಾತ, "ಬಿಚ್ಕೊಂಡು ಬಿದ್ದಿರಬೇಕು ಕಣೇ," ಎನ್ನುತ್ತಿದ್ದರು. ಕೆಟ್ಟ ದೃಷ್ಟಿಯನ್ನು ಹೊತ್ತುಕೊಂಡು ಹೋಯಿತು ಎಂದು ನನಗೂ ಸಮಾಧಾನ. ಕೊನೆಯ ಸಲ ನಾನು ದಾರ ಕಟ್ಟಿದ ಮೇಲೆ ದೀಪಾವಳಿ ಬಂದಾಗ ಅವರಿರಲಿಲ್ಲ. ಕೊಂಬು ಎಂದೋ ಉದುರಿ, ಹೊರಗೆ ಉಳಿದ ಮಸಿಬಣ್ಣದ ತುದಿಯನ್ನು ನಾವೆಲ್ಲ ಕೊಳೆ ಅಂದುಕೊಂಡಿದ್ದೆವು.

ಗಂಟು ಕಲ್ಲಾಗಿತ್ತು. ಬಿಡಿಸಲು ಏನಾದರೂ ಮೊನೆ ಸಿಕ್ಕೀತೆಂದು ಜಾಕಿ ಇಡುವ ಖಾಕಿ ಚೀಲಕ್ಕೆ ಕೈ ಹಾಕಿದೆ. ಸ್ಕ್ರೂಡ್ರೈವರ್ ಜೊತೆ ಹಲ್ಲುಪುಡಿಯ ಹಳೆಯ ತಗಡಿನ ಡಬ್ಬಿ ಬಂತು. ಮುಚ್ಚಳ ತೆಗೆದರೆ ಒಳಗೆ ದಾರಗಳು. ಒಂದೊಂದನ್ನೂ ಬೆರಳಿಗೆ ಸುತ್ತಿ ತೆಗೆದ ಹಾಗೆ ಉಂಗುರ ಉಂಗುರವಾಗಿ ಇಟ್ಟಿದ್ದರು. ಹನ್ನೊಂದು. ಕೊಂಬುಗಳೂ ಇದ್ದವು.

ನಮ್ಮ ರೇಷ್ಮೆಗೂಡು ಈ ಡಿಕ್ಕಿಯಲ್ಲೇ ಮಾರುಕಟ್ಟೆಗೆ ಹೋಗುತ್ತಿತ್ತು. ಗೂಡು ತೇವವಾದರೆ ಅಲ್ಲಿ ಯಾರೂ ಮುಟ್ಟುವುದಿಲ್ಲ. ಡಿಕ್ಕಿ ಒಣಗಿರಬೇಕೆಂದು ನಿಮ್ಮ ತಾತ ಎಷ್ಟು ಜಾಗ್ರತೆ ಮಾಡುತ್ತಿದ್ದರು ಎಂದು ನನಗೆ ಗೊತ್ತು. ದಾರ ನೀರು ಎಳೆಯುವುದನ್ನು ಮೊದಲನೆಯ ವರ್ಷವೇ ಕಂಡುಹಿಡಿದಿರಬೇಕು. "ಅಲ್ಲಿ ಕಟ್ಟಬೇಡ" ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಿದರೆ ನಾನು ಮುದುಡಿಕೊಳ್ಳುತ್ತೇನೆ, ಮುಂದೆ ಎಲ್ಲಿಯೂ ಕಟ್ಟುವುದಿಲ್ಲ ಎಂದು ಅವರಿಗೆ ತಿಳಿದಿತ್ತು. ಬಿಸಾಡಲೂ ಇಲ್ಲ.

ನಾರಾಯಣಮ್ಮ ಮುಚ್ಚಳ ಎತ್ತಿ ಇಣುಕಿದಳು. ಡಬ್ಬಿಯನ್ನು ನೋಡಿದಳು, ನನ್ನ ಮುಖವನ್ನು ನೋಡಿದಳು. "ಅಯ್ಯೋ ದೇವುಡಾ. ನಿನ್ನ ದಾರಾನೆಲ್ಲ ಬಾವ ಕೂಡಿಟ್ಟವ್ರೆ ಕಣಕ್ಕಾ," ಎಂದವಳು ತನ್ನ ಸೆರಗಿನಿಂದ ನನ್ನ ಮುಖದ ಸುಣ್ಣ ಒರೆಸಿದಳು. ಸುಣ್ಣದ ಮೇಲೆ ಗೆರೆ ಬಿದ್ದಿತ್ತೋ ಏನೋ, ಅವಳು ಹೇಳಲಿಲ್ಲ.

ಹನ್ನೆರಡನೆಯ ಗಂಟನ್ನು ಬಿಚ್ಚಲು ಬಹಳ ಹೊತ್ತು ಹಿಡಿಯಿತು. ಗಂಟು ಗಟ್ಟಿಯಾಗಿತ್ತು ಎನ್ನುವುದು ಅರ್ಧ ಕಾರಣ. ಅವರು ಇದ್ದಾಗ ನಾನು ಕಟ್ಟಿದ ಕೊನೆಯ ದಾರ ಅದು, ಆಮೇಲೆ ನಾನು ಎಲ್ಲಿಯೂ ಏನೂ ಕಟ್ಟಲಿಲ್ಲ. ಬಿಚ್ಚಿ, ಬೆರಳಿಗೆ ಸುತ್ತಿ, ಡಬ್ಬಿಯಲ್ಲಿ ಉಳಿದವುಗಳ ಜೊತೆ ಇಟ್ಟೆ. ಗುಣಿ ಬಿದ್ದ ಕಡೆ ಸೈಕಲ್ ಟ್ಯೂಬಿನ ಚೂರನ್ನು ಪಂಕ್ಚರ್ ಹಾಕುವ ಅಂಟಿನಿಂದ ಕೂರಿಸಿದೆ. ಡಿಕ್ಕಿಯಲ್ಲಿ ಪೇಪರ್ ಹಾಸಿ ಮುಚ್ಚಿದೆ. ಗುರುವಾರ ಸಂಜೆ ಚೆನ್ನಾಗಿ ಮಳೆ ಹೊಡೆಯಿತು.

ನಿಮ್ಮಪ್ಪ ಬಂದಾಗ ಆ ಪೇಪರನ್ನು ತೆಗೆದು ಅವನ ಕೈಗೆ ಕೊಟ್ಟೆ. ಸುದ್ದಿ ಓದಲು ಕೊಟ್ಟೆನೆಂದು ತಿರುವಿ ನೋಡಿದ. ಕೆಲಸ ಮಾಡಿ ತೋರಿಸಿದರೆ ಮಾತು ತಪ್ಪುತ್ತದೆ ಎಂದುಕೊಂಡಿದ್ದೆ, ತಪ್ಪಲಿಲ್ಲ.

"ಡಿಕ್ಕೀಲಿತ್ತು. ಒಣಗಿದೆ ನೋಡು. ಕಾರು ಕೊಡಬೇಡ ಕಣೋ," ಎಂದೆ.

"ಯಾಕಮ್ಮ?"

"ನಾನು ಅದರಲ್ಲಿ ಕೂತ್ಕೋತೀನಿ."

"ಎಲ್ಲಿಗೆ ಹೋಗೋಕೆ?"

"ಎಲ್ಲಿಗೂ ಇಲ್ಲ."

ಅವನು ಪೇಪರನ್ನು ಇನ್ನೊಮ್ಮೆ ಮುಟ್ಟಿ ನೋಡಿದ, ಒಣಗಿದೆಯೇ ಎಂದು ಪರೀಕ್ಷಿಸುವವನ ಹಾಗೆ. ಆಮೇಲೆ ಹೊರಗೆ ಹೋಗಿ ಗುಜರಿಯವನಿಗೆ ಫೋನ್ ಮಾಡಿದ. "ಬರಬೇಡಪ್ಪ, ನಮ್ಮಮ್ಮ ಬೇಕಂತವ್ರೆ," ಎಂದದ್ದು ಅಡುಗೆಮನೆಗೆ ಕೇಳಿಸಿತು. ನನಗೆ ಬೇಕಾದ್ದನ್ನು ನಾನೇ ಕೇಳಿ ಪಡೆದದ್ದು, ಲೆಕ್ಕ ಹಾಕಿದರೆ, ಅದೊಂದೇ ಇರಬೇಕು.

ಮೊನ್ನೆ ಆಯುಧಪೂಜೆಗೆ ನಿಮ್ಮಮ್ಮ ಕಾರು ತೊಳೆಸಿ, ಹಳೆಯ ಪದ್ಧತಿ ಬಿಡಬಾರದೆಂದು, ದಾರವನ್ನು ಡಿಕ್ಕಿಯ ಕೊಂಡಿಗೇ ಕಟ್ಟಿದಳು. ಎಷ್ಟು ಮುತುವರ್ಜಿಯಿಂದ ಕಟ್ಟಿದಳೆಂದರೆ ನನಗೆ ಏನೂ ಹೇಳಲು ಮನಸ್ಸಾಗಲಿಲ್ಲ. ವಾರ ಕಳೆದು ಕೇಳಿದಳು, "ಅತ್ತೆ, ದಾರ ಕಾಣ್ತಿಲ್ವಲ್ಲ?"

"ಬಿಚ್ಕೊಂಡು ಬಿದ್ದಿರಬೇಕು ಕಣಮ್ಮ," ಎಂದೆ.

ನೀವೂ ಹೇಳಬೇಡಿ. ಡಬ್ಬಿಯಲ್ಲಿ ಇನ್ನೂ ಜಾಗವಿದೆ. ಡಿಕ್ಕಿ ಈಗ ನಮ್ಮ ಸೀಮೆಯ ಎಲ್ಲ ಬಾವಿಗಳ ಹಾಗೆ ಒಣಗಿ ನಿಂತಿದೆ. ಆದರೂ ಮಳೆ ನಿಂತ ಮೇಲೆ ಹೋಗಿ ಒಮ್ಮೆ ಮುಚ್ಚಳ ಎತ್ತಿ ನೋಡುತ್ತೇನೆ.