ಪೆಟ್ಟಿಗೆಯಿಂದ ಹೊರಬಾರದ ಕಾರ್ಡುಗಳು

ಪಕ್ಕದ ಮನೆಯ ಮಾಮನ ಬಲಗೈ ಹೆಬ್ಬೆರಳಿಗೆ ಯಾವಾಗಲೂ ಕೆಂಪು ರಬ್ಬರಿನ ಟೋಪಿ ಇರುತ್ತಿತ್ತು. ಪೆರಂಬೂರಿನಲ್ಲಿ ರೈಲ್ವೆ ಸ್ಟೋರ್ಸಿನ ಸಾಮಾನು ಲೆಕ್ಕದ ಕಾರ್ಡುಗಳನ್ನು ಮೂವತ್ತು ವರ್ಷ ತಿರುವಿದ ಕೈ ಅದು. ನಿವೃತ್ತರಾದ ಮೇಲೂ ಚಟ ಬಿಡಲಿಲ್ಲ. ರಕ್ತದಾನಿಗಳ ವಿವರವನ್ನು ಕಾರ್ಡುಗಳಲ್ಲಿ ಬರೆದು ಬರೆದು ತಗಡಿನ ಪೆಟ್ಟಿಗೆಯೊಂದನ್ನು ತುಂಬಿಸಿದ್ದರು.

ಯಾರಾದರೂ ರಕ್ತ ಕೇಳಿ ಫೋನ್ ಮಾಡಿದರೆ ಮಾಮ ಕಾರ್ಡನ್ನು ಹೊರಗೆ ತೆಗೆಯುತ್ತಿರಲಿಲ್ಲ. ತಿರುವಿ ನೋಡಿ, ಆ ಗುಂಪಿನವರ ಹೆಸರು, ನಂಬರು ಮಾತ್ರ ಚೀಟಿಗೆ ಇಳಿಸುತ್ತಿದ್ದರು. ನಾನು ಒಮ್ಮೆ ಕಾರ್ಡು ಎತ್ತಿಕೊಂಡಾಗ, "ಅದು ಅಲ್ಲೇ ಇರ್ಲಮ್ಮ. ಚೀಟಿ ಕಳೆದ್ರೆ ಇನ್ನೊಂದು ಬರೀಬೋದು" ಅಂದರು. ಮುದುಕರ ಶಿಸ್ತು ಎಂದು ಮನಸ್ಸಿನಲ್ಲೇ ನಕ್ಕಿದ್ದೆ.

ಎರಡು ಸಾವಿರದ ಇಸವಿಯ ಆಚೀಚೆ. ನಾನು ಜಾವಾಸ್ಕ್ರಿಪ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತಿದ್ದೆ; ಕಲಿತದ್ದಕ್ಕಿಂತ ಜಂಬ ಹೆಚ್ಚಿತ್ತು. ಮಾಮನ ಒಂದೊಂದು ಕಾರ್ಡನ್ನೂ ಒಂದೊಂದು ಆಬ್ಜೆಕ್ಟ್ ಮಾಡಿ, ಎಲ್ಲವನ್ನೂ ಅರೇ ಎಂಬ ಒಂದು ಪಟ್ಟಿಯಲ್ಲಿ ಜೋಡಿಸಿ, ಹುಡುಕುವ ಪುಟವೊಂದನ್ನು ನಮ್ಮ ಮನೆಯ ಕಂಪ್ಯೂಟರಿನಲ್ಲಿ ಮಾಡಿದೆ. ಮಾಮ ಮಾರ್ಕೆಟ್ಟಿಗೆ ಹೋದಾಗ ಅವರ ಮನೆಗೆ ಬರುವ ಫೋನನ್ನೂ ನಾನೇ ಎತ್ತುತ್ತಿದ್ದೆ.

ಒಂದು ಬೆಳಿಗ್ಗೆ ಬಿ ಪಾಸಿಟಿವ್ ಕೇಳಿದವರಿಗೆ ಹೆಸರು ಕೊಟ್ಟೆ. ಹತ್ತು ನಿಮಿಷಕ್ಕೆ ರಾಯಪುರಂನಿಂದ ಇನ್ನೊಬ್ಬರ ಫೋನ್. ಹೆಂಡತಿಗೆ ಹೆರಿಗೆ, ಓ ನೆಗೆಟಿವ್ ತುರ್ತಾಗಿ ಬೇಕು. ಆಸ್ಪತ್ರೆಯ ನಂಬರನ್ನೂ ಹೇಳಿದರು. ಲೈನಿನಲ್ಲೇ ಇರಲು ಹೇಳಿ ನಮ್ಮ ಮನೆಗೆ ಓಡಿ, ಆಗಲೇ ತೆರೆದಿದ್ದ ಪುಟದಲ್ಲಿ ಹುಡುಕಿದೆ. ಪುಟ ಖಾಲಿ. ಯಾರೂ ಇಲ್ಲ ಎಂದುಬಿಟ್ಟೆ.

ಒಂದು ಗಂಟೆಯ ಮೇಲೆ ಮಾಮ ಬಂದರು. "ಇಲ್ಲ ಅಂದ್ಯಾ? ಮೂರು ಜನ ಇದಾರಲ್ಲಮ್ಮ."

ಪೆಟ್ಟಿಗೆ ತೆರೆದು ಚೀಟಿ ಬರೆದು ಅವರೇ ಫೋನ್ ಮಾಡಿದರು. ತಾಂಬರಂನಿಂದ ದಾನಿಯೊಬ್ಬರು ಎಲೆಕ್ಟ್ರಿಕ್ ಟ್ರೇನ್ ಹತ್ತಿ ಹೋದರು. ತಾಯಿ, ಮಗು ಉಳಿದರು.

ಮರುದಿನ ಮಾಮ ನನ್ನ ಪಕ್ಕ ಕುರ್ಚಿ ಎಳೆದುಕೊಂಡರು. "ಏನ್ ಬರ್ದಿದೀಯೋ ಓದು." ಒಂದೊಂದೇ ಸಾಲು ಓದಿ ಅರ್ಥ ಹೇಳಿದೆ. ಗುಂಪು ಹೊಂದದವರನ್ನು ಅರೇಯಿಂದ ತೆಗೆದುಹಾಕುವ ಸಾಲಿಗೆ ಬಂದಾಗ ತಡೆದರು.

"ಹುಡುಕು ಅಂದ್ರೆ ಮಿಕ್ಕಿದ್ದನ್ನ ಬಿಸಾಕು ಅಂತ ಯಾರು ಹೇಳಿದ್ರು ನಿಂಗೆ?"

ಮೊದಲ ಹುಡುಕಾಟಕ್ಕೇ ಉಳಿದ ಗುಂಪಿನವರೆಲ್ಲ ಅಳಿಸಿಹೋಗಿದ್ದರು. ಪರೀಕ್ಷಿಸುವಾಗ ನಾನು ಪ್ರತಿ ಸಲ ಪುಟವನ್ನು ಹೊಸದಾಗಿ ತೆರೆಯುತ್ತಿದ್ದರಿಂದ ಅದು ಕಂಡಿರಲಿಲ್ಲ. ಮೂಲ ಅರೇಯನ್ನು ಮುಟ್ಟದೆ, ಇನ್ನೊಂದು ಖಾಲಿ ಅರೇ ತೆರೆದು, ಬೇಕಾದವರ ಹೆಸರು, ನಂಬರು ಮಾತ್ರ ಅದಕ್ಕೆ ಸೇರಿಸುವಂತೆ ತಿದ್ದಿದೆ. ಮುಂದೆ ಆ ಭಾಷೆಗೇ ಬೇಕಾದವರನ್ನು ಸೋಸಿಕೊಡುವ ಫಿಲ್ಟರ್, ಬೇಕಾದ ವಿವರವನ್ನಷ್ಟೇ ಇಳಿಸಿಕೊಡುವ ಮ್ಯಾಪ್ ಬಂದು ಇದೆಲ್ಲ ಎರಡು ಸಾಲಿಗೆ ಇಳಿಯಿತು. ನನಗೆ ಅವು ಹೊಸತೆನಿಸಲಿಲ್ಲ. ಮಾಮ ಆ ವಿಷಯ ಮತ್ತೆ ಎತ್ತಲೂ ಇಲ್ಲ.

ಏಳೆಂಟು ವರ್ಷದ ಮೇಲೆ ಮಾಮ ತೀರಿಕೊಂಡರು. ರಾಯಪುರಂನ ಆ ಹೆಂಗಸು ಅಂದು ಹುಟ್ಟಿದ ಮಗಳನ್ನು ಕರೆದುಕೊಂಡು ಅಂತಿಮ ದರ್ಶನಕ್ಕೆ ಬಂದಿದ್ದರು. ಮಗಳು ನನಗೆ ಒತ್ತಿಕೊಂಡು ನಿಂತಿದ್ದಳು. ತಾಯಿ ತಮಿಳಿನಲ್ಲಿ ಹೇಳಿದರು: ಮಾಮ ಮರುದಿನವೇ ಆಸ್ಪತ್ರೆಗೆ ಬಂದು ಕೈಮುಗಿದಿದ್ದರಂತೆ. "ಕಾರ್ಡು ನೋಡುವಾಗ ತಪ್ಪು ಮಾಡಿದವನು ನಾನು, ಫೋನೆತ್ತಿದ ಹುಡುಗಿ ನಾನು ಹೇಳಿದ್ದನ್ನೇ ಹೇಳಿದಳು" ಎಂದಿದ್ದರಂತೆ.

ಆ ಹುಡುಗಿ ನಾನೇ, ತಪ್ಪೂ ನನ್ನದೇ ಎಂದೆ. ಆಕೆ ಮಗಳನ್ನು ತಮ್ಮ ಕಡೆಗೆ ಎಳೆದುಕೊಂಡರು.