ಗಂಗಯ್ಯ ಉಳಿಸಿಕೊಟ್ಟ ‘ಬೇಡಿ’

ಕೊಣನೂರಿನ ಮೈಕ್ ಗಂಗಯ್ಯನಿಗೆ ನಾನು ಋಣಿ. ನಗಬೇಡಿ, ಸುಲಭಕ್ಕೆ ಯಾರನ್ನೂ ಹೊಗಳುವವಳಲ್ಲ ನಾನು. ಅರಕಲಗೂಡು ತಾಲ್ಲೂಕಿನಲ್ಲಿ ಹನ್ನೊಂದು ವರ್ಷ ನರ್ಸಾಗಿದ್ದೆ, ನನ್ನ ಬಾಯಿಗೆ ಹೆದರದವರು ಕಡಿಮೆ. ಆದರೆ ಬೈಯುವಾಗ ಇರುವ ದನಿ ಭಾಷಣಕ್ಕೆ ನಿಂತರೆ ಇರುವುದಿಲ್ಲ. ಮಾತಿನ ಕೊನೆಕೊನೆಗೆ ಇಳಿದುಬಿಡುತ್ತದೆ.

ಗಂಗಯ್ಯ ಮೊದಲು ದನದ ದಲ್ಲಾಳಿ. ರೈತರಿಗೆ ಎತ್ತಿನ ಜೋಡಿ ಕೂಡಿಸಿಕೊಡುತ್ತಿದ್ದ. ಹೋರಿಯೊಂದು ಒದ್ದು ಮೊಣಕಾಲು ಕೆಟ್ಟ ಮೇಲೆ ಹಾಸನದ ರೇಡಿಯೋ ಅಂಗಡಿಯಲ್ಲಿ ಕೆಲಸ ಕಲಿತು, ತಾನೇ ಒಂದು ಆಂಪ್ಲಿಫೈಯರ್ ಕಟ್ಟಿಕೊಂಡು ಊರಿಗೆ ಬಂದ.

೧೯೬೩ರ ಬೇಸಿಗೆ. ಹೊಳೆ ನೀರು ಕುಡಿದವರಿಗೆ ವಾಂತಿಭೇದಿ ಶುರುವಾಗಿತ್ತು. ಸಂತೆಯ ದಿನ ಗಂಗಯ್ಯನ ಮೈಕಿನಲ್ಲಿ ಹೇಳಿದೆ, “ಹೊಳೆ ನೀರನ್ನ ಹಾಗೇ ಕುಡೀಬೇಡಿ, ಕಾಯಿಸಿ ಆರಿಸಿ ಕುಡೀರಿ.” ಪಕ್ಕದ ಹಿಟ್ಟಿನ ಗಿರಣಿಯ ಮೋಟಾರು ಮೈಕಿನ ತುಂಬ ಗುಂಯ್ ಅನ್ನುತ್ತಿತ್ತು.

ಮೂರನೇ ದಿನ ಊರಿನ ಮುದುಕಿ ಮಾಯಮ್ಮ ಮೊಮ್ಮಗಳನ್ನು ಆಸ್ಪತ್ರೆಗೆ ಹೊತ್ತು ತಂದಳು. ಮಗು ಬಾಡಿ ಹೋಗಿತ್ತು.

“ಹೊಳೆ ನೀರು ಕುಡಿಸಿದೆಯೇನೇ?” ಎಂದು ರೇಗಿದೆ.

“ನೀವೇ ಅಲ್ವ್ರಾ ಅಂದಿದ್ದು, ಒಳೆ ನೀರ ಅಂಗೇ ಕುಡೀ ಅಂತ. ಮುಂದುಕ್ಕೆ ಬರೀ ಗುಂಯ್ ಅಂತು ಕಣವ್ವಾ.”

ಮಗುವಿಗೆ ಎರಡು ದಿನ ಗ್ಲೂಕೋಸ್ ಏರಿಸಿ, ಅದು ಕಣ್ಣು ಬಿಟ್ಟ ಮೇಲೆ ನೆಟ್ಟಗೆ ಗಂಗಯ್ಯನ ಅಂಗಡಿಗೆ ಹೋದೆ.

“ನಿನ್ನ ಪೆಟ್ಟಿಗೆ ನನ್ನ ‘ಬೇಡಿ’ಯನ್ನ ನುಂಗಿ ಹಾಕಿತಲ್ಲಯ್ಯಾ!”

ಅವನು ಸ್ಕ್ರೂಡ್ರೈವರ್ ಕೈಗೆತ್ತಿಕೊಂಡ. ಪೆಟ್ಟಿಗೆ ಬಿಚ್ಚಿದ.

“ಮೈಕಿಂದ ಎಲ್ಡು ತಂತಿ ಬತ್ತವೆ ಅಮ್ಮಾವ್ರೇ. ನಿಮ್ ದನಿ ಎಲ್ಡರಲ್ಲೂ ಒಂದಕ್ಕೊಂದು ಉಲ್ಟಾ ಬತ್ತದೆ. ಮೋಟಾರಿನ ಕರೆಂಟಿಂದ ಬರೋ ಗುಂಯ್ ಎಲ್ಡಕ್ಕೂ ಒಂದೇ ಥರ ನುಗ್ತದೆ. ಒಂದೇ ಥರದ್ದ ಪೆಟ್ಗೆ ವಡ್ದಾಕಿ, ಉಲ್ಟಾ ಇರೋದ ಮಡಿಕತ್ತದೆ. ಆದ್ರೆ ಎಲ್ಡು ತಂತಿಗೂ ಕೂರ್ಸಿರೋ ರೆಸಿಸ್ಟರು ಸರಿಸಮ ಇರ್ಬೇಕು, ಇಲ್ದಿದ್ರೆ ಗುಂಯ್ ಉಳ್ಕತ್ತದೆ.”

ಕರೆಂಟಿಗೆ ಅಡ್ಡ ನಿಲ್ಲುವ ಆ ಎರಡು ತುಂಡುಗಳನ್ನು ತೋರಿಸಿದ. ಕಡ್ಡಿಯ ಚೂರಿನಷ್ಟಿದ್ದವು. ಎರಡರ ಮೈಮೇಲೂ ಅದೇ ಬಣ್ಣದ ಪಟ್ಟೆಗಳು.

“ಒಂದೇ ಇದಾವಲ್ಲ” ಎಂದೆ.

“ಹಾಸನದ ಅಂಗಡಿಯವ್ನೂ ಇಂಗೇ ಅಂದ, ನಾನೂ ನಂಬ್ದೆ. ಬಣ್ಣ ನೋಡಿ ಎತ್ತಿನ ಜೋಡಿ ಕಟ್ದೋನಲ್ಲ ನಾನು. ಇದ್ರಲ್ಲಿ ಯಾಕೆ ಕಟ್ದೆನೋ.”

ಹೈಸ್ಕೂಲಿನ ಮೇಷ್ಟ್ರಿಂದ ಮೀಟರು ಇಸಕೊಂಡು ಬಂದ. ಪಟ್ಟೆಯ ಲೆಕ್ಕದಲ್ಲಿ ಎರಡೂ ಹತ್ತು ಸಾವಿರ ಓಮ್. ಅಳೆದರೆ ಒಂದು ಹೆಚ್ಚು, ಒಂದು ಕಡಿಮೆ. ಡಬ್ಬಿಯಲ್ಲಿದ್ದ ಅದೇ ಪಟ್ಟೆಯ ಮೂವತ್ತನ್ನೂ ಒಂದೊಂದಾಗಿ ಅಳೆಯುತ್ತ ಕೂತ. ಊಟದ ಹೊತ್ತು ಮೀರಿದರೂ ಏಳಲಿಲ್ಲ. ಕೊನೆಗೆ ಮುಳ್ಳು ಒಂದೇ ಕಡೆ ನಿಲ್ಲುವ ಜೋಡಿ ಸಿಕ್ಕಿತು, ಎರಡೂ ಒಂಬತ್ತು ಸಾವಿರದ ಆರುನೂರು.

“ಹತ್ತು ಸಾವಿರ ಇಲ್ವಲ್ಲೋ” ಎಂದು ಕೆಣಕಿದೆ.

“ಕಮ್ಮಿ ಇದ್ರೆ ಎಲ್ಡೂ ಒಂದೇ ಸಮ ಕಮ್ಮಿ ಇರ್ಲಿ ಬುಡಿ. ನೊಗ ವಾರೆ ಆಗಕಿಲ್ಲ.”

ಮುಂದಿನ ಸಂತೆ. ಗಿರಣಿ ಓಡುತ್ತಲೇ ಇತ್ತು. ಮೈಕಿನ ಮುಂದೆ ನಿಂತೆ. “ಹೊಳೆ ನೀರನ್ನ ಹಾಗೇ ಕುಡೀಬೇಡಿ” ಎಂದೆ. ದನಿ ಎಂದಿನಂತೆ ಕೊನೆಗೆ ಇಳಿಯಿತು. ಆದರೂ ನನ್ನ ‘ಬೇಡಿ’ ಸಂತೆಯ ಆ ತುದಿಯ ಮೆಣಸಿನಕಾಯಿ ರಾಶಿಯವರೆಗೂ ಹೋಯಿತು.

ಅಲ್ಲಿ ಮೊಮ್ಮಗಳನ್ನು ಸೊಂಟಕ್ಕಿಟ್ಟುಕೊಂಡು ನಿಂತಿದ್ದ ಮಾಯಮ್ಮ ಪಕ್ಕದವನ ತೋಳು ತಿವಿದಳು. “ಬ್ಯಾಡಿ ಅಂತಾವ್ರೆ ಕಣ್ಲಾ, ಕೇಳುಸ್ತಾ? ಬ್ಯಾಡಿ.”

ಗಂಗಯ್ಯ ನನ್ನ ಕಡೆ ನೋಡಲೇ ಇಲ್ಲ. ಆ ಮಗುವನ್ನೇ ನೋಡುತ್ತಿದ್ದ, ಕಣ್ಣು ಒದ್ದೆಯಾಗಿತ್ತು. ಅವತ್ತು ಅವನನ್ನು ಬೈದದ್ದಕ್ಕೆ ನಾನು ತಪ್ಪಾಯಿತು ಅನ್ನಲಿಲ್ಲ, ಇವತ್ತು ಅನ್ನುತ್ತೇನೆ.