ಬರೀ ನೀರು

ನನ್ನ ದೊಡ್ಡಮ್ಮನಿಗೆ ಕೂತಲ್ಲಿ ಕೂರುವುದು ಗೊತ್ತಿಲ್ಲ. ಊಟದ ತಟ್ಟೆಯ ಮುಂದಿನಿಂದಲೂ ನಾಲ್ಕು ಸಲ ಏಳುತ್ತಾಳೆ. ನಲ್ಲಿ ಸೋರುತ್ತಿದೆಯೇ, ಚಿಲಕ ಹಾಕಿದೆಯೇ ನೋಡಬೇಕು. ಹುಲ್ಲುಗಾವಲು ಸಂಶೋಧನಾ ಕೇಂದ್ರದಲ್ಲಿ ಇಪ್ಪತ್ತೆರಡು ವರ್ಷ ಮೊಳಕೆ ಎಣಿಸಿದವಳು. ಅಲ್ಲಿ ಎಲ್ಲರಿಗೂ ಅವಳು ಎಣಿಕೆಯಮ್ಮ. ನಮ್ಮನೆಗೆ ಮೆಟ್ಟಿಲು ಎಷ್ಟು, ನನ್ನಪ್ಪ ದಿನಕ್ಕೆ ಹೇಳುವ ಸುಳ್ಳು ಎಷ್ಟು, ಎಲ್ಲವೂ ಅವಳಿಗೆ ಬಾಯಿಪಾಠ.

ಈ ಬೇಸಿಗೆಯಲ್ಲಿ ಮರುಭೂಮಿಯಂಚಿನ ಒಂದು ಹುಲ್ಲಿನ ಬೀಜ ಪರೀಕ್ಷೆಗೆ ಬಂತು. ಗಾಜಿನ ತಟ್ಟೆಗಳಲ್ಲಿ ಕಾಗದ ಹಾಸಿ ಬೀಜವಿಟ್ಟು, ಒಂದು ಸಾಲಿಗೆ ಬರೀ ನೀರು, ಉಳಿದವಕ್ಕೆ ಹೆಚ್ಚುಹೆಚ್ಚು ಉಪ್ಪಿನ ನೀರು. ಉಪ್ಪಿನಲ್ಲೂ ಮೊಳೆತರೆ ಉಪ್ಪು ಹಿಡಿದ ಬಯಲಿಗೆಲ್ಲ ಅದನ್ನೇ ಬಿತ್ತುತ್ತಾರೆ, ಇಲ್ಲದಿದ್ದರೆ ಪಟ್ಟಿಯಿಂದ ತೆಗೆಯುತ್ತಾರೆ. ದೊಡ್ಡಮ್ಮನ ಅಪ್ಪ, ನನ್ನ ತಾತ, ಕುರಿ ಮೇಯಿಸಿದ್ದು ಇದೇ ಹುಲ್ಲಿನಲ್ಲಿ. ಹದಿನಾಲ್ಕನೆಯ ದಿನ ಉಪ್ಪಿನ ಸಾಲುಗಳೆಲ್ಲ ಸೊನ್ನೆ. ದೊಡ್ಡಮ್ಮ ಸೊನ್ನೆ ಬರೆದು, ಸಹಿ ಹಾಕಿ, ಮುಖ ಸಪ್ಪೆ ಮಾಡಿಕೊಂಡು ಮನೆಗೆ ಬಂದಳು.

ಆ ಸಂಜೆ ಒಲೆಯ ಮೇಲೆ ಬೇಳೆ ಬತ್ತಿತ್ತು. ನಾನು ನೀರಿನ ಜೊತೆ ಉಪ್ಪನ್ನೂ ಹಾಕಹೊರಟಾಗ ಅವಳು ಕೈ ಹಿಡಿದಳು.

“ಆರಿದ್ದು ನೀರು ಕಣೇ, ಉಪ್ಪು ಅಲ್ಲೇ ಇದೆ. ಬರೀ ನೀರು ಹಾಕು.”

ಹಾಗೆಂದವಳು ಸೌಟು ಹಿಡಿದು ನಿಂತೇಬಿಟ್ಟಳು. ಕೇಂದ್ರದಲ್ಲಿ ಮುಚ್ಚಿಟ್ಟ ಬೀಜದ ತಟ್ಟೆಗಳು ಎಂದೂ ಅಷ್ಟು ಆರುತ್ತಿರಲಿಲ್ಲ. ಈ ಸಲದ ಬಿಸಿಲಿಗೆ ಆರಿದ್ದವು. ಅವಳು ದಿನಾ ಆಯಾ ಸಾಲಿನ ಉಪ್ಪುನೀರನ್ನೇ ಮತ್ತೆ ಮತ್ತೆ ಹಾಕಿದ್ದಳು. ನೀರು ಆರುತ್ತಾ ಹೋಗಿ, ಉಪ್ಪು ಕೂಡುತ್ತಾ ಹೋಗಿತ್ತು. ಬೀಜದ ಸೊನ್ನೆ ಅವಳ ಕೈಯಿಂದಲೇ ಬಂದದ್ದು.

ನಿವೃತ್ತಿಗೆ ಇನ್ನೆರಡು ವರ್ಷ, ಬಾಯಿ ಮುಚ್ಚಿಕೊಂಡಿರು ಎಂದಳು ಅಮ್ಮ. ನಾನೂ ಹೂಂಗುಟ್ಟಿದೆ, ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಅವತ್ತು ಊಟದ ಮುಂದಿನಿಂದ ಅವಳು ಎಷ್ಟು ಸಲ ಎದ್ದಳೋ, ಲೆಕ್ಕ ತಪ್ಪಿತು.

ಬೆಳಿಗ್ಗೆ ಕೇಂದ್ರದ ಕಸದ ಬುಟ್ಟಿಯಿಂದ ಆ ಬೀಜಗಳನ್ನು ಹೆಕ್ಕಿ, ತೊಳೆದು, ಬರೀ ನೀರಿನಲ್ಲಿ ಇಟ್ಟಳು. ಮೊಳೆಯುತ್ತವೋ ಇಲ್ಲವೋ ಎಂದು ಕಾಯದೆ ನೇರ ಕೇಂದ್ರದ ಮುಖ್ಯಸ್ಥೆ ಮೇಡಂ ಕೋಣೆಗೆ ಹೋಗಿ ತಪ್ಪು ಒಪ್ಪಿಕೊಂಡಳು. ಮೇಡಂ ವರದಿ ತಡೆದರು, ಪರೀಕ್ಷೆ ಮೊದಲಿಂದ ಆಗಲಿ ಎಂದರು. ಎಣಿಕೆಯ ಕೆಲಸ ಮಾತ್ರ ಬೇರೆಯವರಿಗೆ ಕೊಟ್ಟರು. ದೊಡ್ಡಮ್ಮನ ಪಾಲಿಗೆ ತಟ್ಟೆ ತೊಳೆಯುವುದು ಬಂತು.

ಐದನೆಯ ಸಂಜೆ ಅವಳು ಊಟಕ್ಕೆ ಕೂತವಳು ತಟ್ಟೆ ಖಾಲಿಯಾಗುವವರೆಗೆ ಏಳಲಿಲ್ಲ. ನಲ್ಲಿ ಸೋರುತ್ತಲೇ ಇತ್ತು. ಬುಟ್ಟಿಯ ಬೀಜ ಎಷ್ಟು ಮೊಳೆತವು ಎಂದು ಕೇಳಿದೆ.

“ಎಣಿಸೋದು ಈಗ ನನ್ನ ಕೆಲಸ ಅಲ್ವಲ್ಲ” ಎಂದು ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡಳು. “ಸತ್ತಿರಲಿಲ್ಲ ಕಣೇ. ಬರೀ ನೀರಿಗೆ ಕಾಯ್ತಾ ಇದ್ವು.”